ತಾರೀಖಿಗೊಂದು ಅಧ್ಯಾಯ

ಶಿಡ್ಲಘಟ್ಟ
31 ಜನವರಿ 2004

ನನ್ನ ಚಿನ್ನದ ದೊಡ್ಡಮ್ಮನಿಗೆ,

ಇಪ್ಪತ್ಮೂರು ದಿನ! ನನ್ನ ಮದುವೆಯಾಗಿ ಆಗಲೇ ಇಪ್ಪತ್ಮೂರು ದಿನ! ಫೋನ್ ಮಾಡೋಣವೆಂದರೆ ನಿಮಗೆ ಕಿವಿ ಕೇಳಿಸದು, ನಾನು ಕಿರುಚಬೇಕು. ಕಿರುಚಿದರೆ ನಾನೆಷ್ಟು ಖುಷಿಯಾಗಿದ್ದೇನೆಂದು ಈ ಬೀದಿಗೆಲ್ಲ ಗೊತ್ತಾಗಿಬಿಡುತ್ತದೆ. ಅದಕ್ಕೇ ಕಾಗದ. ನನ್ನದು ಇಂಗ್ಲಿಷ್ ಮೀಡಿಯಂ ಕನ್ನಡ, ನಗಬೇಡಿ.

ಇವರು ತುಂಬಾ ತುಂಬಾ ಒಳ್ಳೆಯವರು. (ಹೆಸರು ಹಿಡಿದು ‘ಜಯಶೀಲ’ ಅಂದರೆ ಅತ್ತೆ ಕೆಮ್ಮುತ್ತಾರೆ, ಆದ್ದರಿಂದ ‘ಇವರು’.) ಬೆಳಿಗ್ಗೆ ಏಳೂವರೆ ಬಸ್ಸಿಗೆ ಚಿಂತಾಮಣಿಯ ಹೈಸ್ಕೂಲಿಗೆ ಹೋಗುತ್ತಾರೆ, ಸಂಜೆ ಬರುವಾಗ ನನಗೆಂದು ಎರಡು ಸೀಬೆಹಣ್ಣು ತರುತ್ತಾರೆ. ಎರಡೇ! ಒಂದು ನನಗೆ, ಒಂದು ಇವರ ತಂಗಿ ಲಾವಣ್ಯಳಿಗೆ. ಲಾವಣ್ಯಳಿಗೆ ಇಪ್ಪತ್ತೆರಡು, ನನಗಿಂತ ಒಂದೇ ವರ್ಷ ಚಿಕ್ಕವಳು. ನನಗೆ ನಾದಿನಿ ಸಿಕ್ಕಿಲ್ಲ ದೊಡ್ಡಮ್ಮ, ಬೆಸ್ಟ್ ಫ್ರೆಂಡ್ ಸಿಕ್ಕಿದ್ದಾಳೆ. ಅವಳಿಗೆ ಚಿಂತಾಮಣಿಯಲ್ಲೇ ಗಂಡು ಗೊತ್ತಾಗಿದೆ, ಈಸ್ಟರ್ ಕಳೆದ ಮೇಲೆ ಮದುವೆ.

ಅತ್ತೆ ಕಡಿಮೆ ಮಾತಿನವರು. ಮದುವೆಯಾದ ಮೇಲೆ ಕ್ರೈಸ್ತರಾಗಿ ನಮ್ಮ ಸಭೆಗೆ ಸೇರಿದವರು, ಆದರೂ ಆಂಜಿನಮ್ಮ ಎಂಬ ಹೆಸರನ್ನು ಬಿಡಲಿಲ್ಲವಂತೆ. “ದೇವ್ರಿಗೆ ನನ್ನ ಗುರುತು ಸಿಕ್ಕೋಕೆ ಹೆಸ್ರು ಬದಲಾಯಿಸ್ಬೇಕಾ?” ಅಂತ ಆಗಿನ ಪಾದ್ರಿ ಅಯ್ಯನೋರನ್ನೇ ಕೇಳಿದ್ದರಂತೆ! ಮಾವ ಹೋದ ಮೇಲೆ ಮನೆಯ ಹಿಂದೆ ಚರಕ ಹಾಕಿಸಿ, ರೇಷ್ಮೆಗೂಡಿನಿಂದ ನೂಲು ಬಿಚ್ಚಿ ಇವರನ್ನು ಓದಿಸಿದ್ದಾರೆ. ಒಬ್ಬರು ಕುದಿನೀರಿನ ಬೇಸಿನ್ ಮುಂದೆ ಕೂತು ಗೂಡಿನ ಎಳೆ ಹಿಡಿಯಬೇಕು, ಇನ್ನೊಬ್ಬರು ದೂರದಲ್ಲಿ ಕೂತು ಚಕ್ರ ತಿರುಗಿಸಬೇಕು. ಎಳೆ ಹಿಡಿಯುವವಳು ಲಾವಣ್ಯ, ತಿರುಗಿಸುವವಳು ಈಗ ನಾನು! ಬೆಂದ ಹುಳದ ವಾಸನೆಗೆ ಮೊದಲ ದಿನ ಊಟ ಸೇರಲಿಲ್ಲ. ಈಗ ಎರಡು ಮುದ್ದೆ.

ನೀವು ಕೊಟ್ಟ ಬೈಬಲನ್ನು ನೀವು ಹೇಳಿದ ಹಾಗೇ ಓದುತ್ತಿದ್ದೇನೆ. ಸೊಲೊಮೋನನ ಜ್ಞಾನೋಕ್ತಿಗಳು ಮೂವತ್ತೊಂದು ಅಧ್ಯಾಯ, ತಾರೀಖು ಎಷ್ಟೋ ಅಧ್ಯಾಯವೂ ಅಷ್ಟೇ. ಇವತ್ತು ಮೂವತ್ತೊಂದು, ಗುಣವತಿಯಾದ ಹೆಂಡತಿಯ ಅಧ್ಯಾಯ. ಬೆಳಕಾಗುವ ಮೊದಲೇ ಏಳುತ್ತಾಳೆ, ಕೈಯಲ್ಲಿ ನೂಲು ಹಿಡಿಯುತ್ತಾಳೆ, ಅವಳ ಬಾಯಿ ತೆರೆದರೆ ಜ್ಞಾನ! ಓದಿ ಕುಣಿದುಬಿಟ್ಟೆ. ನಮ್ಮ ಮನೆಯಲ್ಲೂ ನೂಲಿದೆಯಲ್ಲ! ನಾನು ಅವಳೇ ಆಗುತ್ತೇನೆ, ನೋಡುತ್ತಿರಿ.

ಸಾವಿರ ಮುತ್ತುಗಳೊಂದಿಗೆ,
ನಿಮ್ಮ ಅಮೃತ


ಚಿಕ್ಕಬಳ್ಳಾಪುರ
9 ಫೆಬ್ರವರಿ 2004

ಅಮೃತ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲನೆಯ ಸಲ ನಕ್ಕೆ.

ಮೂವತ್ತೊಂದನೆಯ ಅಧ್ಯಾಯದ ಆ ಹೆಂಗಸು ಒಬ್ಬಳಲ್ಲ ಕಣಮ್ಮ, ಒಂದು ಇಡೀ ವಠಾರ. ಅಷ್ಟು ಕೆಲಸವನ್ನು ಒಬ್ಬಳೇ ಮಾಡಿದ್ದರೆ ನಾನು ನರ್ಸಾಗಿದ್ದ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಬಂದು ಮಲಗಿರುತ್ತಿದ್ದಳು. ನೀನು ಅವಳಾಗಬೇಕಿಲ್ಲ. ನಿಧಾನವಾಗಿ ಏಳು, ಹೊಟ್ಟೆ ತುಂಬ ಉಣ್ಣು.

ಇಂದು ಒಂಬತ್ತು. ಈ ಅಧ್ಯಾಯದಲ್ಲಿ ಇಬ್ಬರು ಹೆಂಗಸರಿದ್ದಾರೆ. ಜ್ಞಾನವೆಂಬವಳು ಮನೆ ಕಟ್ಟಿ, ಅಡಿಗೆ ಮಾಡಿ, ಆಮೇಲೆ ಜನರನ್ನು ಕರೆಯುತ್ತಾಳೆ. ಮೂಢಳಾದವಳು ಏನೂ ಮಾಡದೆ ಬಾಗಿಲಲ್ಲಿ ಕೂತು ಗಟ್ಟಿಯಾಗಿ ಮಾತಾಡುತ್ತಾಳೆ. ಇಬ್ಬರೂ ಕರೆಯುವ ಮಾತು ಹೆಚ್ಚುಕಡಿಮೆ ಒಂದೇ. ನಲವತ್ತೊಂದು ವರ್ಷ ಓದಿದರೂ ಎಷ್ಟೋ ದಿನ ನನ್ನೊಳಗೆ ಮಾತಾಡುತ್ತಿರುವವಳು ಯಾರೆಂದು ನನಗೆ ತಿಳಿಯುವುದಿಲ್ಲ.

ಮಂಡಿ ನೋವಿದೆ. ಬೇರೇನಿಲ್ಲ.

ನಿನ್ನ ದೊಡ್ಡಮ್ಮ,
ಕೃಪಮ್ಮ


ಶಿಡ್ಲಘಟ್ಟ
11 ಮಾರ್ಚ್ 2004

ಪ್ರೀತಿಯ ದೊಡ್ಡಮ್ಮ,

ಒಂದು ವಿಷಯ. ಯಾರಿಗೂ ಹೇಳಬೇಡಿ.

ಮೊನ್ನೆ ಚರಕದ ಹತ್ತಿರ ಲಾವಣ್ಯ ಇದ್ದಕ್ಕಿದ್ದಂತೆ ಬಿದ್ದಳು. ಕೈಕಾಲು ಸೆಟೆದುಕೊಂಡವು, ಬಾಯಲ್ಲಿ ನೊರೆ. ಕುದಿಯುವ ಬೇಸಿನ್ ಅವಳ ತಲೆಯಿಂದ ಒಂದು ಗೇಣಿನಷ್ಟೂ ದೂರವಿರಲಿಲ್ಲ. ನಾನು ಕಿರುಚಿದೆ. ಅತ್ತೆ ಓಡಿಬಂದವರು ಮೊದಲು ನನ್ನ ಬಾಯಿ ಮುಚ್ಚಿದರು, ಆಮೇಲೆ ಅವಳ ಕೈಗೆ ಬೀಗದ ಕೈ ಕೊಟ್ಟರು. ಹದಿನಾಲ್ಕನೆಯ ವಯಸ್ಸಿನಿಂದ ಮೂರ್ಛೆ ರೋಗವಂತೆ. ಬೆಂಗಳೂರಿನ ಡಾಕ್ಟರ ಮಾತ್ರೆ ಅಕ್ಕಿ ಡಬ್ಬದಲ್ಲಿದೆ. ಚಿಂತಾಮಣಿಯವರಿಗೆ ಹೇಳಿಲ್ಲ!

ಎಚ್ಚರವಾದ ಮೇಲೆ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಅತ್ತಿಗೆ, ಇದು ನಿಮ್ಮ ಬಾಯಿಂದ ಆಚೆ ಹೋಗಲ್ಲ ಅಂತ ಹೇಳಿ.”

“ಪ್ರಾಮಿಸ್ ಕಣೇ,” ಅಂದೆ.

ಇವರನ್ನು ಕೇಳಿದರೆ, “ಅಮ್ಮ ನೋಡ್ಕೋತಾರೆ, ನೀನು ತಲೆ ಕೆಡಿಸ್ಕೋಬೇಡ,” ಎನ್ನುತ್ತಾರೆ. ಮುಚ್ಚಿಟ್ಟು ಮದುವೆ ಮಾಡುವುದು ತಪ್ಪಲ್ಲವಾ? ಆದರೆ ಗೊತ್ತಾದರೆ ಅವಳನ್ನು ಯಾರು ಮಾಡಿಕೊಳ್ಳುತ್ತಾರೆ? ಇವತ್ತು ಹನ್ನೊಂದನೆಯ ಅಧ್ಯಾಯ. ಚಾಡಿಕೋರ ಗುಟ್ಟನ್ನು ಬಯಲು ಮಾಡುತ್ತಾನೆ, ನಂಬಿಗಸ್ತ ಮುಚ್ಚಿಡುತ್ತಾನೆ ಅಂತ ಇದೆ. ಅದನ್ನು ಓದಿ ಮುಗಿಸಿದ ಕೈಯಲ್ಲೇ ನಿಮಗೆ ಬರೆಯುತ್ತಿದ್ದೇನೆ. ನೀವು ಲೆಕ್ಕಕ್ಕಿಲ್ಲ, ಅಲ್ಲವಾ?

ಗಾಬರಿಯಲ್ಲಿರುವ,
ಅಮೃತ


ಚಿಕ್ಕಬಳ್ಳಾಪುರ
17 ಮಾರ್ಚ್ 2004

ಅಮೃತ,

ಲೆಕ್ಕಕ್ಕಿದ್ದೇನೆ. ಗುಟ್ಟು ಒಂದು ಬಾಯಿ ದಾಟಿತು. ನಿನ್ನ ಕಾಗದವನ್ನು ಒಲೆಗೆ ಹಾಕಿದೆ.

ಗಂಡಿನವರಿಗೆ ತಿಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಳಿಸಬೇಕಾದವಳು ಲಾವಣ್ಯ, ಇಲ್ಲವೇ ಅವಳ ತಾಯಿ. ನೀನು ನಿಮ್ಮ ಅತ್ತೆಯ ಬಳಿ ಕೂತು, ಒಬ್ಬರೇ ಇರುವಾಗ, ಒಂದು ಸಲ ಹೇಳು. ಬೈದರೆ ಬೈಸಿಕೋ. ಆಮೇಲೆ ಸುಮ್ಮನಿರು. ಇವತ್ತಿನ ಅಧ್ಯಾಯದ ಕೊನೆಯ ವಚನ ನೋಡು: ಸುಮ್ಮನಿದ್ದರೆ ಮೂರ್ಖನನ್ನೂ ಜನ ಜ್ಞಾನಿ ಅಂದುಕೊಳ್ಳುತ್ತಾರಂತೆ. ನಮ್ಮಂಥವರಿಗೆಂದೇ ಬರೆದಿಟ್ಟದ್ದು.

ಮಾತ್ರೆ ಒಂದು ದಿನವೂ ತಪ್ಪದಿರಲಿ.

ಕೃಪಮ್ಮ


ಶಿಡ್ಲಘಟ್ಟ
10 ಏಪ್ರಿಲ್ 2004

ದೊಡ್ಡಮ್ಮ,

ನಾನು ಅತ್ತೆಯ ಬಳಿ ಕೂತು ಹೇಳಲಿಲ್ಲ. ಎರಡು ಸಲ ಅಡಿಗೆಮನೆಯ ತನಕ ಹೋಗಿ ಭಯವಾಗಿ ವಾಪಸ್ ಬಂದೆ. ಅದರ ಬದಲು ಮಾಡಿದ್ದನ್ನು ಬರೆಯುತ್ತೇನೆ. ಪೂರ್ತಿ ಓದಿ, ಆಮೇಲೆ ಒಲೆಗೆ ಹಾಕಿ.

ಮಂಗಳವಾರ ನಮ್ಮ ಮನೆಯಲ್ಲಿ ಸ್ತ್ರೀಯರ ಪ್ರಾರ್ಥನಾ ಕೂಟವಿತ್ತು. ಏಳು ಜನ, ಚಾಪೆಯ ಮೇಲೆ ಸುತ್ತ ಕೂತಿದ್ದೆವು. ಒಬ್ಬೊಬ್ಬರೂ ಒಂದೊಂದು ಪ್ರಾರ್ಥನೆಯ ವಿಷಯ ಇಟ್ಟು ಗಟ್ಟಿಯಾಗಿ ಪ್ರಾರ್ಥಿಸಬೇಕು. ನನ್ನ ಪಕ್ಕದ ಪೆದ್ದಮ್ಮ ಎಂಬವರು ಹತ್ತು ನಿಮಿಷ ಅತ್ತು ಅತ್ತು ಪ್ರಾರ್ಥಿಸಿದರು, ಎಲ್ಲರೂ ಮೂಗು ಒರೆಸಿಕೊಂಡರು. ಆಮೇಲೆ ನನ್ನ ಸರದಿ. ನಿಜ ಹೇಳುತ್ತೇನೆ, ನಾನು ಅವರಿಗಿಂತ ಕಡಿಮೆಯಾಗಬಾರದು ಅನ್ನಿಸಿತು. ಸ್ಕೂಲಿನ ಅಸೆಂಬ್ಲಿಯಲ್ಲಿ ಪ್ರಾರ್ಥನೆಗೆ ಯಾವಾಗಲೂ ನನ್ನನ್ನೇ ನಿಲ್ಲಿಸುತ್ತಿದ್ದರಲ್ಲ, ಆ ಹಮ್ಮು. ಕಣ್ಣು ಮುಚ್ಚಿದೆ. ಕಣ್ಣೀರು ತಾನಾಗಿ ಬಂತು. ಮನಸ್ಸಿನಲ್ಲಿ ಒಂದು ತಿಂಗಳಿಂದ ಕುದಿಯುತ್ತಿದ್ದದ್ದು ಬಾಯಿಗೆ ಬಂದುಬಿಟ್ಟಿತು.

“ಕರ್ತನೇ, ನಮ್ಮ ಲಾವಣ್ಯಳ ಮೇಲೆ ಕೈಯಿಡು. ಮದುವೆಗೆ ಮುಂಚೆ ಆ ಮೂರ್ಛೆಯನ್ನು ಅವಳಿಂದ ಕಿತ್ತುಹಾಕು…”

ಇನ್ನೂ ಏನೇನೋ ಅಂದೆ. ಎಷ್ಟು ಚೆನ್ನಾಗಿ ಪ್ರಾರ್ಥಿಸುತ್ತಿದ್ದೇನೆ ಎಂದು ಒಳಗೇ ಅನ್ನಿಸುತ್ತಿತ್ತು, ದೊಡ್ಡಮ್ಮ. ಅದನ್ನೇ ನನಗೆ ಮರೆಯಲಾಗುತ್ತಿಲ್ಲ. ಆಮೆನ್ ಅಂದೆ. ಯಾರೂ ಆಮೆನ್ ಅನ್ನಲಿಲ್ಲ. ಕಣ್ಣು ಬಿಟ್ಟರೆ ಎದುರಿಗೆ ಲಾವಣ್ಯ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು.

“ಅಯ್ಯೋ ಪಾಪಮು!” ಅಂದರು ಪೆದ್ದಮ್ಮ. “ಇಷ್ಟ್ ದಿನ ನಮಗೊಂದ್ ಮಾತು ಹೇಳ್ಲಿಲ್ವಲ್ಲಮ್ಮಾ ಆಂಜಿನಮ್ಮಾ, ನಾವೂ ಪ್ರಾರ್ಥನೆ ಮಾಡ್ತಿದ್ವಲ್ಲ.”

ಪೆದ್ದಮ್ಮನ ತಂಗಿಯ ಮನೆ ಚಿಂತಾಮಣಿಯಲ್ಲಿ. ನಿನ್ನೆ ಶುಭ ಶುಕ್ರವಾರದ ಆರಾಧನೆ ಮುಗಿಸಿ ನಾವು ಮನೆಗೆ ಬರುವಷ್ಟರಲ್ಲಿ ಗಂಡಿನ ಸೋದರಮಾವ ವೆಂಕಟರವಣಪ್ಪನವರು ಗೇಟಿನಲ್ಲಿ ನಿಂತಿದ್ದರು. ಒಳಗೆ ಬರಲಿಲ್ಲ, ನೀರೂ ಕುಡಿಯಲಿಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು. ಮೆತ್ತಗೆ ಹೇಳಿದರು:

“ನೀವೇ ಹೇಳಿದ್ದಿದ್ರೆ ಯೋಚ್ನೆ ಮಾಡ್ತಿದ್ವೇನೋ ತಾಯಿ. ಊರೋರ ಪ್ರಾರ್ಥನೇಲಿ ಕೇಳಬೇಕಾಯ್ತಲ್ಲ, ಅದೇ ಸರಿ ಹೋಗ್ಲಿಲ್ಲ.”

ಮದುವೆ ಮುರಿಯಿತು.

ಇವತ್ತು ಹತ್ತನೆಯ ಅಧ್ಯಾಯ. ಮಾತು ಹೆಚ್ಚಾದ ಕಡೆ ಪಾಪ ತಪ್ಪದು. ಹತ್ತೊಂಬತ್ತನೆಯ ವಚನ. ಮಂಗಳವಾರಕ್ಕಿಂತ ನಾಲ್ಕು ದಿನ ತಡವಾಗಿ ಬಂತು.

ಅಮೃತ


ಚಿಕ್ಕಬಳ್ಳಾಪುರ
26 ಏಪ್ರಿಲ್ 2004

ಅಮೃತ,

ಉತ್ತರ ತಡವಾಯಿತು. ನಿನ್ನ ಕಾಗದ ಬಂದ ದಿನವೇ ಬರೆದಿದ್ದರೆ ಬೈದಿರುತ್ತಿದ್ದೆ. ಮರುದಿನ ಬರೆದಿದ್ದರೆ ಸಮಾಧಾನ ಹೇಳಿರುತ್ತಿದ್ದೆ. ಎರಡೂ ನಿನಗೆ ಬೇಕಿರಲಿಲ್ಲ.

ಈಗ ನಾನೊಂದು ಹೇಳುತ್ತೇನೆ. ನಿಮ್ಮಮ್ಮನಿಗೂ ಇದು ತಿಳಿಯದು. ನನ್ನ ಜೊತೆ ನರ್ಸಿಂಗ್ ಓದಿದ ಸುಗುಣ ಎಂಬವಳಿದ್ದಳು. ಒಂದೇ ರೂಮು, ಒಂದೇ ತಟ್ಟೆ. ಅವಳಿಗೆ ಗೊತ್ತಾಗಿದ್ದ ಗಂಡು ಮದುವೆಗೆ ಎರಡು ತಿಂಗಳ ಮುಂಚೆ, ಅವಳು ರಜೆಯ ಮೇಲೆ ಊರಿಗೆ ಹೋಗಿದ್ದಾಗ, ನಾನಿದ್ದ ವಾರ್ಡಿಗೆ ಬಂದಿದ್ದ. ಹೃದಯದ ಕಾಯಿಲೆ. ಹೆಚ್ಚು ದಿನವಿಲ್ಲವೆಂದು ಡಾಕ್ಟರು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ರೋಗಿಯ ವಿಷಯ ಹೊರಗೆ ಆಡಬಾರದೆಂಬುದು ಆಸ್ಪತ್ರೆಯ ನಿಯಮ. ಗುಟ್ಟು ಮುಚ್ಚಿಡುವವನೇ ನಂಬಿಗಸ್ತನೆಂಬುದು ಹನ್ನೊಂದನೆಯ ಅಧ್ಯಾಯ. ನಾನು ಮುಚ್ಚಿಟ್ಟೆ. ಅವಳ ಮದುವೆಗೆ ನಾನೇ ಜಡೆ ಹೆಣೆದೆ. ಎರಡನೆಯ ವರ್ಷ ಅವನು ಹೋದ. ಮಣ್ಣು ಮುಗಿಸಿ ಬಂದ ಮೇಲೆ ಸುಗುಣ ನನ್ನನ್ನು ಕೇಳಿದ್ದು ಒಂದೇ ಮಾತು. “ನಿಂಗೆ ಗೊತ್ತಿತ್ತಾ ಕೃಪಾ?”

ಅದೇ ಅವಳು ನನ್ನೊಡನೆ ಆಡಿದ ಕೊನೆಯ ಮಾತು. ಇಪ್ಪತ್ತೊಂಬತ್ತು ವರ್ಷವಾಯಿತು.

ನೀನು ಬಾಯಿ ಬಿಟ್ಟು ಕೆಟ್ಟೆ, ನಾನು ಮುಚ್ಚಿ ಕೆಟ್ಟೆ. ಇಂದು ಇಪ್ಪತ್ತಾರನೆಯ ಅಧ್ಯಾಯ. ಮೂರ್ಖನಿಗೆ ಉತ್ತರ ಕೊಡಬೇಡವೆಂದು ಒಂದು ವಚನ, ಕೊಡು ಎಂದು ಅದರ ಮರುವಚನ. ಒಂದರ ಕೆಳಗೊಂದು. ಚಿಕ್ಕವಳಿದ್ದಾಗ ಬರೆದವರು ಮರೆತಿರಬೇಕೆಂದು ನಗುತ್ತಿದ್ದೆ. ಈಗ ಅನ್ನಿಸುತ್ತದೆ, ಎರಡನ್ನೂ ಕೈಗೆ ಕೊಟ್ಟು, ಯಾವ ದಿನಕ್ಕೆ ಯಾವುದು ಎಂಬುದನ್ನು ಮಾತ್ರ ಹೇಳದೆ ಬಿಟ್ಟಿದ್ದಾರೆ. ತಾರೀಖು ನೋಡಿ ಓದಿದರೆ ಅದು ಸಿಗುವುದಿಲ್ಲ. ನನಗಿನ್ನೂ ಸಿಕ್ಕಿಲ್ಲ.

ಆ ಮನೆ ಬಿಟ್ಟು ತವರಿಗೆ ಓಡಿ ಬರಬೇಡ.

ದೊಡ್ಡಮ್ಮ


ಶಿಡ್ಲಘಟ್ಟ
14 ಜೂನ್ 2004

ದೊಡ್ಡಮ್ಮ,

ಓಡಿ ಬರಲಿಲ್ಲ. ಇಲ್ಲೇ ಇದ್ದೇನೆ.

ಅತ್ತೆ ನನ್ನೊಡನೆ ನೇರವಾಗಿ ಮಾತಾಡುವುದಿಲ್ಲ. ನಾನು ಎದುರಿಗೇ ಇದ್ದರೂ, “ಜಯಶೀಲ, ಸೊಪ್ಪು ಬಿಡಿಸೋಕೆ ಹೇಳು,” ಎನ್ನುತ್ತಾರೆ. ಇವರು ಸ್ಕೂಲಿಗೆ ಹೋಗಿದ್ದರೆ ಗೋಡೆಗೆ ಹೇಳುತ್ತಾರೆ. ಇವರು ನನ್ನನ್ನು ಬೈದಿಲ್ಲ. ಸೀಬೆಹಣ್ಣು ತರುವುದು ಮಾತ್ರ ನಿಂತಿದೆ.

ಲಾವಣ್ಯ ಮತ್ತು ನಾನು ದಿನಕ್ಕೆ ಏಳು ಗಂಟೆ ಒಂದೇ ಚರಕದ ಎರಡು ತುದಿಗಳಲ್ಲಿ ಕೂರುತ್ತೇವೆ. ಮೊದಲು ಎಳೆ ಕಡಿದರೆ, “ಅತ್ತಿಗೇ, ನಿಲ್ಸಿ!” ಎಂದು ಕೂಗುತ್ತಿದ್ದಳು. ಈಗ ಕಡ್ಡಿಯಿಂದ ಬೇಸಿನ್ ಅಂಚಿಗೆ ತಟ್ಟುತ್ತಾಳೆ. ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ತಿರುಗಿಸು. ಟಿಣ್. ಟಿಣ್ ಟಿಣ್. ಮಲಗಿದ ಮೇಲೂ ಅದೇ ಕೇಳಿಸುತ್ತದೆ.

ನಾನು ಕ್ಷಮೆ ಕೇಳಿದೆ. ಎಷ್ಟು ಸಲವೋ. ಅತ್ತು ಕೇಳಿದೆ, ಕಾಲು ಹಿಡಿಯಲು ಹೋದೆ, ಚೀಟಿ ಬರೆದು ದಿಂಬಿನ ಕೆಳಗಿಟ್ಟೆ. ಹೋದ ವಾರ ಒಂದೇ ಸಲ ಬಾಯಿ ಬಿಟ್ಟಳು.

“ನನ್ನ ಪರವಾಗಿ ದೇವ್ರ ಹತ್ರ ಮಾತಾಡೋಕೆ ನಿಮಗ್ಯಾರು ಹೇಳಿದ್ರು? ನಂಗೆ ಬಾಯಿಲ್ವಾ?”

ಹದಿನಾಲ್ಕನೆಯ ಅಧ್ಯಾಯ ಬಾಯಿಪಾಠ ಬರುತ್ತದೆ. ಜ್ಞಾನವಂತೆ ಮನೆ ಕಟ್ಟುತ್ತಾಳೆ, ಮೂಢಳು ತನ್ನ ಕೈಯಾರೆ ಕೆಡವುತ್ತಾಳೆ. ಜನವರಿಯಲ್ಲಿ ಕುಣಿದವಳು ನಾನೇ ಅಲ್ಲವಾ? ಆಯಾಸವಾಗಿದೆ, ದೊಡ್ಡಮ್ಮ. ಓದುವುದನ್ನು ಬಿಟ್ಟಿದ್ದೇನೆ. ಓದಿದರೆ ಪ್ರತಿ ತಾರೀಖೂ ನನ್ನನ್ನೇ ಬೈಯುತ್ತದೆ.

ಅಮೃತ


ಚಿಕ್ಕಬಳ್ಳಾಪುರ
3 ಆಗಸ್ಟ್ 2004

ಅಮೃತ,

ಓದದಿದ್ದರೆ ಬೇಡ. ಸೊಲೊಮೋನನಿಗೇನೂ ನಷ್ಟವಿಲ್ಲ. ಅಷ್ಟೆಲ್ಲ ಜ್ಞಾನ ಬೇಡಿ ಪಡೆದವನು ತಾನೇ ಕೊನೆಗಾಲದಲ್ಲಿ ಅದರಂತೆ ಬಾಳಲಿಲ್ಲ.

ಇನ್ನು ಮೇಲೆ ಕ್ಷಮೆ ಕೇಳಬೇಡ. ಕ್ಷಮೆ ಕೇಳುವುದೂ ಮಾತೇ. ಪ್ರತಿ ಸಲ ನೀನು ಕೇಳಿದಾಗಲೂ ಅವಳು ನಿನಗೇನಾದರೂ ಕೊಡಬೇಕಾಗುತ್ತದೆ. ಅವಳ ಕೈಯಲ್ಲಿ ಈಗ ಏನೂ ಇಲ್ಲ.

ಈಗ ನರ್ಸಮ್ಮನಾಗಿ ಬರೆಯುತ್ತೇನೆ. ಮೂರ್ಛೆ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಬಟ್ಟೆ ಇಡಿ. ಬಾಯಿಗೆ ಏನೂ ಹಾಕಬೇಡಿ. ಬೀಗದ ಕೈಯಿಂದ ಏನೂ ಆಗದು, ಅದನ್ನು ಬೀಗಕ್ಕೇ ಬಿಡಿ. ಈ ಕಾಯಿಲೆಯಿದ್ದವರು ಮದುವೆಯಾಗುತ್ತಾರೆ, ಹೆರುತ್ತಾರೆ, ಡಾಕ್ಟರ ಸಲಹೆ ಕೇಳುತ್ತಿರಬೇಕು ಅಷ್ಟೆ. ಆದರೆ ಕುದಿಯುವ ನೀರಿನ ಮುಂದೆ ಅವಳು ಕೂರಬಾರದು. ಮಾರ್ಚಿನಲ್ಲೇ ನಾನಿದನ್ನು ಬರೆಯಬೇಕಿತ್ತು. ಗುಟ್ಟಿನ ಯೋಚನೆಯಲ್ಲಿ ಬೇಸಿನ್ನನ್ನು ಮರೆತೆ. ನೋಡು, ನಲವತ್ತು ವರ್ಷದ ಜ್ಞಾನ.

ಇಂದಿನ ಅಧ್ಯಾಯದಲ್ಲಿ ಒಂದು ಸಣ್ಣ ಮಾತಿದೆ. ಒಳ್ಳೆಯದನ್ನು ಮಾಡುವುದು ನಿನ್ನ ಕೈಯಲ್ಲಿದ್ದಾಗ ತಡೆಯಬೇಡ. ಬಾಯಲ್ಲಿ ಎಂದಿಲ್ಲ, ಕೈಯಲ್ಲಿ ಎಂದಿದೆ.

ದೊಡ್ಡಮ್ಮ


ಶಿಡ್ಲಘಟ್ಟ
15 ಸೆಪ್ಟೆಂಬರ್ 2004

ದೊಡ್ಡಮ್ಮ,

ಜಾಗ ಬದಲಾಯಿಸಿದೆ. ನಿಮ್ಮ ಕಾಗದ ಬಂದ ಮರುದಿನ ಲಾವಣ್ಯ ಬರುವ ಮೊದಲೇ ಹೋಗಿ ಬೇಸಿನ್ ಮುಂದಿನ ಮಣೆಯ ಮೇಲೆ ಕೂತುಬಿಟ್ಟೆ. ಅವಳು ಬಂದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೋಗಿ ಚಕ್ರದ ಹತ್ತಿರ ಕೂತಳು. ಯಾಕೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳದೇ ಇರುವುದು ಎಷ್ಟು ಆಯಾಸ ದೊಡ್ಡಮ್ಮ, ಹೇಳುವುದಕ್ಕಿಂತ ಹತ್ತರಷ್ಟು!

ನನ್ನ ಎಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅತ್ತೆ ಮೊದಲ ದಿನದ ನೂಲಿನ ಲಡಿಯನ್ನು ಬೆಳಕಿಗೆ ಹಿಡಿದು ಗೋಡೆಗೆ ಹೇಳಿದರು, “ಹಗ್ಗ ಹೊಸೀತಿದಾಳೆ, ಬಾವಿಗೆ ಕಟ್ಟಬೋದು.” ಬೆರಳ ಸಂದಿಯೆಲ್ಲ ಬೆಂದು ಬಿಳಿಯಾಗಿದೆ. ಅನ್ನ ಕಲೆಸಿದರೆ ಉರಿ. ಈಗೀಗ ಎಳೆ ಸ್ವಲ್ಪ ಸಮವಾಗಿ ಬರುತ್ತಿದೆ.

ಅಕ್ಕಿ ಡಬ್ಬದ ಮಾತ್ರೆ ಮುಗಿಯುವ ಮೊದಲೇ ಇವರಿಂದ ತರಿಸಿಡುತ್ತೇನೆ. ಕಡ್ಡಿ ಈಗ ನನ್ನ ಕೈಯಲ್ಲಿದೆ. ತಟ್ಟುವುದು ನಾನು.

ಅಮೃತ


ಶಿಡ್ಲಘಟ್ಟ
28 ನವೆಂಬರ್ 2004

ಪ್ರೀತಿಯ ದೊಡ್ಡಮ್ಮನಿಗೆ,

ನಿನ್ನೆ ಗೌರಿಬಿದನೂರಿನಿಂದ ಲಾವಣ್ಯಳನ್ನು ನೋಡಲು ಬಂದಿದ್ದರು. ಹುಡುಗ, ಅವನ ತಾಯಿ, ಇಬ್ಬರೇ. ಹುಡುಗ ಸ್ಟುಡಿಯೋ ಇಟ್ಟುಕೊಂಡಿದ್ದಾನೆ, ಮದುವೆಗಳ ಫೋಟೋ ತೆಗೆಯುತ್ತಾನೆ. ಅವರು ಬರುವ ಮೂರು ದಿನ ಮುಂಚೆ ಅತ್ತೆ ಗೋಡೆಗೆ ಹೇಳಿದ್ದರು, “ಈ ಸಲ ಯಾರೂ ಬಾಯಿ ಬಿಡಂಗಿಲ್ಲ.” ಲಾವಣ್ಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ನನಗೆ ಮತ್ತೆ ಅದೇ ಸಂಕಟ. ಮುಚ್ಚಿಡುವುದೂ ತಪ್ಪು, ಹೇಳುವವಳು ನಾನೂ ಅಲ್ಲ. ನಿಮ್ಮ ಸುಗುಣಮ್ಮನೂ ನೆನಪಾದರು. ಮೂರು ದಿನ ಯೋಚಿಸಿದೆ, ದೊಡ್ಡಮ್ಮ.

ಊಟಕ್ಕೆ ಎಲೆ ಹಾಕಿದೆವು. ಪ್ರಾರ್ಥನೆ ಮಾಡಬೇಕಿದ್ದ ಇವರು ಮೊಸರಿಗೆ ಹೋದವರು ಇನ್ನೂ ಬಂದಿರಲಿಲ್ಲ. ಹುಡುಗನ ತಾಯಿ ನನ್ನ ಕಡೆ ತಿರುಗಿ ನಕ್ಕರು.

“ಸೊಸೆಮ್ಮ ಮಾಡ್ಲಿ. ಓದಿರೋ ಹುಡ್ಗಿ, ಚೆನ್ನಾಗಿ ಮಾಡ್ತಾಳೆ ಅಂತ ಕೇಳಿದೀನಿ.”

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಲಾವಣ್ಯ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಕಣ್ಣು ಮುಚ್ಚಿದೆ. ಒಳಗೆ ಎಷ್ಟು ಮಾತುಗಳಿದ್ದವೆಂದರೆ, ಎಲ್ಲವೂ ಒಳ್ಳೆಯ ಮಾತುಗಳೇ, ಒಂದರ ಮೇಲೊಂದು ಬಿದ್ದು ಬಾಗಿಲು ತಳ್ಳುತ್ತಿದ್ದವು.

“ಕರ್ತನೇ, ಈ ಊಟಕ್ಕಾಗಿ ಸ್ತೋತ್ರ. ಆಮೆನ್.”

“ಅಷ್ಟೇನಾ?” ಅಂದ ಹುಡುಗ, ಮೆಲ್ಲಗೆ.

“ಅಷ್ಟೇ,” ಅಂದೆ.

ಆಗ ಲಾವಣ್ಯ ತನ್ನ ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು.

“ನಾನೊಂದ್ ಮಾತು ಹೇಳ್ಬೇಕು. ಊಟಕ್ಕೆ ಮುಂಚೇನೇ ಹೇಳ್ಬಿಡ್ತೀನಿ, ಆಮೇಲೆ ಇವ್ರ ಮನೆ ಉಪ್ಪು ತಿಂದ್ವಿ ಅನ್ನೋ ಮುಲಾಜು ನಿಮಗೆ ಬೇಡ. ನಂಗೆ ಮೂರ್ಛೆ ರೋಗ ಇದೆ. ಹದಿನಾಲ್ಕನೇ ವಯಸ್ಸಿಂದ. ದಿನಾ ಎರಡು ಮಾತ್ರೆ ತಗೋತೀನಿ. ಈ ವರ್ಷ ಎರಡು ಸಲ ಬಂದಿದೆ.”

ಅತ್ತೆ ಸೌಟನ್ನು ಕೆಳಗಿಟ್ಟರು. ಹುಡುಗನ ತಾಯಿ ಅವಳ ಕಡೆ ತಿರುಗಿದರು.

“ಮಾತ್ರೆ ತಪ್ಪಿಸ್ತೀಯೇನಮ್ಮಾ?”

“ಇಲ್ಲ.”

“ನನ್ನ ತಮ್ಮ ತಪ್ಪಿಸ್ತಿದ್ದ,” ಅಂದರು. ಆಮೇಲೆ ಅನ್ನಕ್ಕೆ ಕೈ ಹಾಕಿದರು.

ಉಂಡರು. ಹೋಗುವಾಗ, “ಯೋಚ್ನೆ ಮಾಡಿ ತಿಳಿಸ್ತೀವಿ,” ಎಂದರು. ಆ ಮಾತಿಗೆ ಏನರ್ಥವೆಂದು ನಿಮಗೂ ಗೊತ್ತು, ನಮಗೂ ಗೊತ್ತು. ಅಥವಾ ಗೊತ್ತಿಲ್ಲ.

ಅವರು ಹೋದ ಮೇಲೆ ಅತ್ತೆ ನನ್ನ ಮುಖ ನೋಡಿ, ನನ್ನೊಡನೆಯೇ ಮಾತಾಡಿದರು. ಏಳು ತಿಂಗಳ ಮೇಲೆ.

“ಇವ್ಳಿಗೆ ನೀನೇನಾದ್ರೂ ಹೇಳಿಕೊಟ್ಯಾ?”

“ಇಲ್ಲ ಅತ್ತೆ.”

“ಏನೂ ಇಲ್ವಾ?”

“ಏನೂ ಇಲ್ಲ.”

“ಸಾರು ಮಿಕ್ಕಿದೆ, ಮುಚ್ಚಿಡು,” ಅಂದರು.

ಪಾತ್ರೆ ತೊಳೆಯಲು ಹಿತ್ತಲಿಗೆ ಹೋದೆ. ಬೂದಿ ಮುಟ್ಟಿದ ಕೂಡಲೇ ಬೆರಳೆಲ್ಲ ಉರಿಯಿತು. ಲಾವಣ್ಯ ಹಿಂದಿನಿಂದ ಬಂದು ನನ್ನ ಕೈಯಿಂದ ಚೊಂಬನ್ನು ಕಿತ್ತುಕೊಂಡು ಪಕ್ಕಕ್ಕಿಟ್ಟಳು. ಸೆರಗಿನಲ್ಲಿ ನನ್ನ ಕೈ ಒರೆಸಿದಳು. ಕೊಬ್ಬರಿ ಎಣ್ಣೆ ತಂದಿದ್ದಳು. ಒಂದೊಂದೇ ಬೆರಳ ಸಂದಿಗೆ, ಎಳೆ ಹುಡುಕುವವಳ ಹಾಗೆ, ಸವರಿದಳು. ಹತ್ತು ಬೆರಳೂ ಮುಗಿಸಿದಳು.

ಆಮೇಲೆ ಅವಳು ನನಗೊಂದು ಮಾತು ಹೇಳಿದಳು.

ಅದನ್ನು ನಿಮಗೆ ಬರೆಯುವುದಿಲ್ಲ, ದೊಡ್ಡಮ್ಮ. ಅದು ಅವಳದ್ದು. ಗೌರಿಬಿದನೂರಿನ ಉತ್ತರ ಬಂದರೆ ನಿಮಗೆ ಅವಳೇ ಬರೆಯುತ್ತಾಳಂತೆ. ವಿಳಾಸ ಕೇಳಿದಳು, ಕೊಟ್ಟಿದ್ದೇನೆ.

ಎಣ್ಣೆ ಕೈ, ಕಾಗದದ ಮೇಲೆ ಕಲೆಯಾಗಿದೆ.

ಅಮೃತ